ಕ್ಯಾಪ್ಟನ್ ಗಂಡನ ಚಕ್ಕರ್

ಮೇಣದ ವಸಡಿನ ಮೇಲೆ ಕೋರೆಹಲ್ಲು ಕೂರಿಸಬೇಕಾಗಿದ್ದ ಎಡಗೈ ಇದ್ದಕ್ಕಿದ್ದಂತೆ ಲಗಾಮು ಹಿಡಿದವರ ಕೈಯಂತೆ ಮಡಚಿಕೊಂಡಿತು, ಹಲ್ಲು ಜಾರಿ ಮೇಜಿನ ಕೆಳಗೆ ಹೋಯಿತು. ಅವನು ಮಂಡಿಯೂರಿ ಹುಡುಕಿದ. ಪ್ಲಾಸ್ಟರ್ ಪುಡಿ ಬಿದ್ದ ನೆಲದಲ್ಲಿ ಬಿಳಿ ಹಲ್ಲು ಸಿಗುವುದು ಸುಲಭವಲ್ಲ. ಊರಿನ ಅರ್ಧ ದಂತವೈದ್ಯರಿಗೆ ಹಲ್ಲು ಸೆಟ್ ಮಾಡಿಕೊಡುವ ಮನುಷ್ಯ, ಹಲ್ಲು ಬೀಳಿಸಿದ್ದು ಯಾರಿಗಾದರೂ ಗೊತ್ತಾದರೆ ನಾಚಿಕೆಗೇಡು. ಆದರೆ ನಾಚಿಕೆಯಾಗುವ ಬದಲು ಮೇಜಿನ ಕೆಳಗೇ ಕೂತು ನಗು ಬಂತು. ಸಂಜೆ ಅವನು ಪೋಲೊ ಆಡಲಿದ್ದ. ನೋಡುವುದಲ್ಲ, ಆಟಗಾರರಿಗೆ ನೀರು ಕೊಡುವುದಲ್ಲ, ಕುದುರೆಯ ಬೆನ್ನಿಗೆ ಕಂಬಳಿ ಹೊದಿಸುವುದಲ್ಲ, ಆಡುವುದು. ಐವತ್ತು ದಾಟಿದ ಮೇಲೆ, ಸೊಂಟದಲ್ಲಿ ಆಗಾಗ ಹಿಡಿದುಕೊಳ್ಳುವ ನೋವಿಟ್ಟುಕೊಂಡು, ಅವನು ಹೆಂಡತಿಯ ತಂಡದಲ್ಲಿ ನಂಬರ್ ಒನ್ ಆಗಿ, ಅಂದರೆ ಎಲ್ಲರಿಗಿಂತ ಮುಂದಿನ ಆಟಗಾರನಾಗಿ, ಮೈದಾನಕ್ಕೆ ಇಳಿಯಲಿದ್ದ. ಇದನ್ನು ಬೆಳಗಿನಿಂದ ಎಷ್ಟು ಸಲ ಮನಸ್ಸಿನಲ್ಲಿ ಹೇಳಿಕೊಂಡಿದ್ದನೋ ಲೆಕ್ಕವಿಲ್ಲ. ಹೆಂಡತಿ ಹೋದ ವಾರ ಬೂಟಿನ ಕೆಸರು ಒರೆಸುತ್ತ, ತಲೆಯೆತ್ತದೆ ಹೇಳಿದ್ದಳು: "ಕೊನೇ ಚಕ್ಕರ್ ನಿಮಗೆ. ಬೀಳಬೇಡಿ, ಫೌಲ್ ಮಾಡಬೇಡಿ, ಯಾರ ದಾರಿಗೂ ಅಡ್ಡ ಹೋಗಬೇಡಿ. ಅಷ್ಟಾದ್ರೆ ಮುಂದಿನ ಸೀಸನ್‌ಗೆ ಆ ಜಾಗ ನಿಮ್ಮದು. ಈಗ ಅಲ್ಲಿ ಆಡೋ ಔಷಧಿ ಅಂಗಡಿಯೋನು ಊರು ಬಿಡ್ತಿದಾನೆ, ನಂಗೂ ಒಬ್ಬರು ಬೇಕು." ಒಬ್ಬರು ಬೇಕು ಎಂಬ ಮಾತು ಸ್ವಲ್ಪ ಚುಚ್ಚಿತ್ತು. ಆದರೂ ಕೊಟ್ಟವಳು ಅವಳು, ಕೊಟ್ಟದ್ದು ಜಾಗ. ಅವನಿಗೆ ಬೇಕಾಗಿದ್ದದ್ದು ಪೋಲೊ ಎಂದು ಅವಳು ತಿಳಿದಿದ್ದಳು. ಅವನಿಗೆ ಬೇಕಾಗಿದ್ದದ್ದು ಅವಳ ಪಕ್ಕ.

ಅವಳು ಹುಟ್ಟಿದ್ದೇ ಆ ಕ್ಲಬ್ಬಿನ ಲಾಯದ ಹಿಂದಿನ ಮನೆಯಲ್ಲಿ. ಅಪ್ಪ ಕುದುರೆ ಪಳಗಿಸುತ್ತಿದ್ದ, ಈಗ ಆ ಕೆಲಸ ಅವಳದು. ಹೊಸಬರಿಗೆ ಸವಾರಿ ಕಲಿಸುತ್ತಾಳೆ, ತಂಡದ ಕ್ಯಾಪ್ಟನ್, ನಂಬರ್ ನಾಲ್ಕು, ಅಂದರೆ ಗೋಲ್ ಕಾಯುವ ಬ್ಯಾಕ್. ಮನೆಯಲ್ಲಿ ಅವಳು ಹೆಚ್ಚು ಮಾತಿನವಳಲ್ಲ. ಗ್ಯಾಸ್ ಮುಗಿದಿದೆ, ಬಾಗಿಲು ಹಾಕಿದಿರಾ, ನಾಳೆ ನಾಲ್ಕಕ್ಕೆ ಏಳಬೇಕು: ಹೀಗೆ ಬದುಕು ನಡೆಯುತ್ತಿತ್ತು, ಜಗಳವೂ ಇರಲಿಲ್ಲ. ಅದೇ ಹೆಂಗಸು ಮೈದಾನಕ್ಕಿಳಿದರೆ ಗಂಟಲು ಬಿರಿಯುವಂತೆ ಕೂಗುತ್ತಿದ್ದಳು, ಬೈಯುತ್ತಿದ್ದಳು, ನಗುತ್ತಿದ್ದಳು. ಆ ನಗುವನ್ನು ಅವನು ಇಷ್ಟು ವರ್ಷವೂ ಅಂಚಿನ ಮೋಟು ಹಲಗೆಯ ಈಚೆ ನಿಂತು ನೋಡಿದ್ದ. ಕ್ಲಬ್ಬಿನಲ್ಲಿ ಅವನಿಗೆ ಹೆಸರೇ ಇರಲಿಲ್ಲ, 'ಕ್ಯಾಪ್ಟನ್ ಗಂಡ' ಅಷ್ಟೆ. ಒಮ್ಮೆ ಬಹುಮಾನ ಕೊಡುವಾಗ ಧ್ವನಿವರ್ಧಕದಲ್ಲಿ, "ನೀರಿನ ವ್ಯವಸ್ಥೆ ನೋಡಿಕೊಂಡ ಕ್ಯಾಪ್ಟನ್ ಗಂಡನಿಗೂ ಒಂದು ಚಪ್ಪಾಳೆ" ಎಂದಿದ್ದರು, ಜನ ತಟ್ಟಿಯೂ ಇದ್ದರು. ಅವನು ಕೈಯಲ್ಲಿ ಬಕೆಟ್ಟು ಹಿಡಿದೇ ನಮಸ್ಕಾರ ಮಾಡಿದ್ದ. ಅದು ಈಗ ಯಾಕೆ ನೆನಪಾಗಬೇಕು? ಹಲ್ಲು ಸಿಕ್ಕಿತು, ಊದಿ ಪುಡಿ ತೆಗೆದು ಮೇಣದಲ್ಲಿ ಕೂರಿಸಿದ. ಕೂರಿಸಿದ್ದು ಎಡಗೈಯಿಂದಲೇ. ಅವನ ಬುದ್ಧಿಯೆಲ್ಲ ಎಡಗೈಯಲ್ಲಿತ್ತು, ಬಲಗೈ ಮದುವೆಗೆ ಬಂದ ದೂರದ ನೆಂಟನಂತೆ ಪಕ್ಕದಲ್ಲಿ ಕೂತಿರುತ್ತಿತ್ತು. ಪೋಲೊದಲ್ಲಿ ಎಡಗೈಯವರಿಗೆ ಜಾಗವಿಲ್ಲ. ಎದುರು ಬದುರು ಬರುವ ಕುದುರೆಗಳು ಡಿಕ್ಕಿ ಹೊಡೆಯಬಾರದೆಂದು ಎಲ್ಲರೂ ಬಲಗೈಯಲ್ಲೇ ಕೋಲು ಹಿಡಿಯಬೇಕು, ಎಡಗೈಯಲ್ಲಿ ಲಗಾಮು. ಎರಡು ವರ್ಷದಿಂದ ಅವನು ಹಿತ್ತಲಲ್ಲಿ ಮರದ ಕುದುರೆ ಹತ್ತಿ ಆ ದಡ್ಡ ಬಲಗೈಗೆ ಹೊಡೆಯುವುದನ್ನು ಕಲಿಸಿದ್ದ. ಹತ್ತು ಏಟಿಗೆ ನಾಲ್ಕು ಚೆಂಡಿಗೆ ತಾಗುತ್ತಿದ್ದವು, ಉಳಿದವು ಹುಲ್ಲಿಗೆ.

ಮಧ್ಯಾಹ್ನ ಲಾಯಕ್ಕೆ ಹೋದಾಗ ಅವನಿಗೆ ಕೊಟ್ಟಿದ್ದ ಹೆಣ್ಣು ಕುದುರೆ ಆಗಲೇ ಸಿದ್ಧವಾಗಿತ್ತು. ಎಲ್ಲರೂ ಅದನ್ನು ಅಜ್ಜಿ ಎನ್ನುತ್ತಿದ್ದರು. ಪೋಲೊ ಕುದುರೆ ಎಷ್ಟು ಎತ್ತರವಿದ್ದರೂ ಅದನ್ನು ಪೋನಿ ಎಂದೇ ಕರೆಯಬೇಕೆನ್ನುವುದು ಒಂದು ಸಂಪ್ರದಾಯ, ಅಜ್ಜಿಗೆ ಮಾತ್ರ ಯಾರೂ ಹಾಗೆನ್ನುತ್ತಿರಲಿಲ್ಲ. ಕೋಲಿಗೆ, ಲಗಾಮಿಗೆ ಕೂದಲು ಸಿಕ್ಕಬಾರದೆಂದು ಕತ್ತಿನ ಕೂದಲು ಬೋಳಿಸಿ, ಬಾಲ ಹೆಣೆದು ಮೇಲಕ್ಕೆ ಮಡಚಿ ಕಟ್ಟಿದ್ದರು. ಕಾಲಿಗೆ ಪಟ್ಟಿ ಸುತ್ತಿದ್ದರು. ಅವನು ಅಭ್ಯಾಸದಂತೆ ಮೊದಲು ಅದರ ಬಾಯಿ ನೋಡಿದ. ಕುದುರೆಯ ಮುಂದಿನ ಹಲ್ಲಿಗೂ ಹಿಂದಿನ ದವಡೆಗೂ ನಡುವೆ ಹಲ್ಲೇ ಇಲ್ಲದ ಒಂದು ಜಾಗವಿದೆ, ಕಡಿವಾಣದ ಕಬ್ಬಿಣ ಕೂರುವುದು ಅಲ್ಲಿ. ಮೊದಲ ದಿನ ಅದನ್ನು ಬೆರಳಿಂದ ಮುಟ್ಟಿ ನೋಡಿದಾಗ ಅವನಿಗೆ ಮೈ ಜುಮ್ಮೆಂದಿತ್ತು. ಹಲ್ಲು ಕಳೆದುಕೊಂಡವರ ವಸಡು ಎಷ್ಟು ಎಳೆಯದೆಂದು ಅವನಿಗೆ ಗೊತ್ತು, ಅದನ್ನೇ ಹಿಡಿದು ಎಳೆದು ಜನ ಕುದುರೆ ನಿಲ್ಲಿಸುತ್ತಾರಲ್ಲ. ಅಂದಿನಿಂದ ಅವನ ಎಡಗೈ ಲಗಾಮನ್ನು ಎಳೆಯುತ್ತಿರಲಿಲ್ಲ, ಬೆರಳಲ್ಲೇ ಕೇಳುತ್ತಿತ್ತು, ಅಜ್ಜಿಯೂ ಕೇಳಿದ್ದಕ್ಕೆಲ್ಲ ಒಪ್ಪುತ್ತಿತ್ತು. "ನಿಮ್ಮ ಕೈ ಒಳ್ಳೇದಿದೆ" ಎಂದು ಹೆಂಡತಿ ಒಂದು ದಿನ ಅಂದಿದ್ದಳು. ಅವಳು ಹೊಗಳಿದ್ದು ಕುದುರೆಯ ದೃಷ್ಟಿಯಿಂದ, ಆದರೂ ಅವನು ಅದನ್ನು ವಾರಗಟ್ಟಲೆ ಮನಸ್ಸಿನಲ್ಲಿ ಚಪ್ಪರಿಸಿದ್ದ.

ಎರಡನೇ ಚಕ್ಕರ್ ಮುಗಿದು ವಿರಾಮದ ಗಂಟೆ ಹೊಡೆದಾಗ, ಹೆಂಡತಿಯ ತಂಡ ಒಂದು ಗೋಲಿನಿಂದ ಹಿಂದಿತ್ತು. ಎದುರು ತಂಡದ ಕ್ಯಾಪ್ಟನ್ ಊರಿನ ದೊಡ್ಡ ವಕೀಲ, ಅವನೂ ನಂಬರ್ ನಾಲ್ಕೇ, ಅವನ ಅಳಿಯ ನಂಬರ್ ಒನ್. ನೋಡಲು ಬಂದವರೆಲ್ಲ ಪದ್ಧತಿಯಂತೆ ಮೈದಾನಕ್ಕಿಳಿದು, ಗೊರಸಿಗೆ ಕಿತ್ತುಬಂದ ಹುಲ್ಲಿನ ಹೆಂಟೆಗಳನ್ನು ಕಾಲಿನಿಂದ ತುಳಿದು ಕೂರಿಸತೊಡಗಿದರು. ಈ ತುಳಿಯುವ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಮಣ್ಣಿನ ಬದಿ ಕೆಳಗೆ ಮಾಡಿ, ಹಿಮ್ಮಡಿಯಿಂದ ಅಮುಕಿ, ಆಮೇಲೆ ಪಾದದಿಂದ ಒಂದು ಸಲ ಸವರಿದರೆ ಹುಲ್ಲು ಅಲ್ಲೇ ಹುಟ್ಟಿದಂತೆ ಕೂರಬೇಕು. ಇವತ್ತು ಆಟದ ಬೂಟು ಹಾಕಿಕೊಂಡೇ ತುಳಿದ. ಜೊತೆಗೆ ಬಂದಿದ್ದವನು ಷಡ್ಡಕ, ನಾದಿನಿಯ ಗಂಡ, ಪೋಲೊ ನೋಡುತ್ತಿರುವುದು ಇದೇ ಮೊದಲು. ಬಾಯಿಗೆ ಬಿಡುವಿಲ್ಲದ ಮನುಷ್ಯ.

"ಭಾವ, ಇದೇನು, ಟಿಕೆಟ್ ತಗೊಂಡು ಬಂದೋರ ಕೈಲಿ ನೆಲ ತುಳಿಸ್ತಾರಲ್ಲ?"

"ಇದು ಗೌರವ ಕಣಪ್ಪಾ. ತುಳಿಯದಿದ್ರೆ ಮುಂದಿನ ಚಕ್ಕರ್‌ನಲ್ಲಿ ಕುದುರೆ ಎಡವುತ್ತೆ."

"ಚಕ್ಕರ್ ಅಂದ್ರೆ? ನಾನು ಕಾಲೇಜಿಗೆ ಹೊಡೀತಿದ್ನಲ್ಲ, ಅದೇನಾ?"

"ಏಳು ನಿಮಿಷದ ಆಟ. ಅಂಥವು ನಾಲ್ಕು. ಒಂದು ಮುಗಿದ ಮೇಲೆ ಕುದುರೆ ಬದಲಾಯಿಸ್ತಾರೆ, ಅದು ದಣಿಯುತ್ತೆ."

"ಸವಾರ ದಣಿಯಲ್ವಾ?"

"ಅವನನ್ನ ಯಾರು ಕೇಳ್ತಾರೆ!"

ಇಬ್ಬರೂ ನಕ್ಕರು. ಅವನಿಗೆ ಹೇಳುವ ಹುರುಪು ಬಂತು, ಕೋಲನ್ನು ಹುಲ್ಲಿನ ಮೇಲೆ ಎಳೆದು ತೋರಿಸಿದ. ಹೊಡೆದ ಚೆಂಡು ಹೋಗುವ ದಾರಿಯೇ ಈ ಆಟದ ಹೆದ್ದಾರಿ, ಅದರ ಮೇಲೆ ಸರಿಯಾಗಿ ಸವಾರಿ ಮಾಡುತ್ತಿರುವವನಿಗೆ ಯಾರೂ ಅಡ್ಡ ಬರಬಾರದು. ಬಂದರೆ ಫೌಲ್. ಅಡ್ಡ ಬರದೆ ಪಕ್ಕದಲ್ಲಿ ಬಂದು, ಕುದುರೆಯ ಭುಜಕ್ಕೆ ಭುಜ ಕೊಟ್ಟು, ಒತ್ತಿ ಆಚೆ ತಳ್ಳಬಹುದು. ಹೊಡೆಯಲು ಎತ್ತಿದ ಕೋಲಿಗೆ ನಮ್ಮ ಕೋಲನ್ನು ಕೊಕ್ಕೆಯಂತೆ ಸಿಕ್ಕಿಸಬಹುದು. ಆಟಗಾರನ ಯೋಗ್ಯತೆಯನ್ನು ಗೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಹತ್ತು ಅಂದರೆ ದೇವರು.

"ಅಕ್ಕ ಎಷ್ಟು?"

"ಮೂರು. ನಮ್ಮ ಕ್ಲಬ್ಬಲ್ಲಿ ಅದೇ ದೊಡ್ಡದು."

"ನೀವು?"

ಅವನು ಒಂದು ಹೆಂಟೆಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ತುಳಿದ. "ಮೈನಸ್ ಎರಡು."

"ಅಂದ್ರೆ ಸೊನ್ನೆ ಆಗೋಕೂ ಪ್ರಮೋಷನ್ ಬೇಕು!" ಷಡ್ಡಕ ಹೊಟ್ಟೆ ಹಿಡಿದುಕೊಂಡ. "ಬಿಡಿ ಭಾವ, ಕುದುರೆ ಕಂಡ್ರೆ ಕಾಲುನೋವು ಅಂತಾರೆ, ನಿಮಗೆ ಕುದುರೆ ಕಂಡು ಸೊಂಟನೋವೇ ಹೋಗಿದೆ. ಇನ್ನೊಂದು ಕೇಳ್ತೀನಿ. ಆಗಲೇ ಅಕ್ಕನ ಕಡೆಯೋರು ಈ ಗೋಲಿಗೆ ಹೊಡೀತಿದ್ರು, ಆಮೇಲೆ ಆ ಗೋಲಿಗೆ ಹೊಡೆದ್ರು. ತಲೆ ಕೆಟ್ಟಿದೆಯಾ ಅವರಿಗೆ?"

"ಅದೇ ಇದರ ಸೊಗಸು. ಪ್ರತಿ ಗೋಲ್ ಆದಮೇಲೂ ಎರಡು ತಂಡ ಕಡೆ ಬದಲಾಯಿಸ್ಬೇಕು. ಗಾಳಿ, ಬಿಸಿಲು ಒಬ್ಬರಿಗೇ ಅನುಕೂಲ ಆಗಬಾರ್ದಲ್ಲ. ಹೊಸಬರು ಎಡವೋದೇ ಅಲ್ಲಿ" ಎಂದ ಅವನು, ತಾನೇ ಆ ನಿಯಮ ಮಾಡಿದವನ ಗತ್ತಿನಲ್ಲಿ.

ಮೂರನೆಯ ಚಕ್ಕರ್‌ನಲ್ಲಿ ಗೋಲೇ ಆಗಲಿಲ್ಲ. ಅದು ಮುಗಿದು ಔಷಧಿ ಅಂಗಡಿಯವನು ಇಳಿದ, ಇವನು ಏರಿದ. ಏರುವಾಗ ಮೊದಲ ಸಲಕ್ಕೆ ಕಾಲು ರಿಕಾಪಿಗೆ ಸಿಗದೆ ಎರಡನೇ ಸಲ ಪ್ರಯತ್ನಿಸಬೇಕಾಯಿತು, ಹಲಗೆಯ ಹಿಂದೆ ಯಾರೋ ಕೆಮ್ಮಿದರು. ಹೆಂಡತಿ ಕುದುರೆ ತಂದು ಪಕ್ಕದಲ್ಲಿ ನಿಲ್ಲಿಸಿದಳು. ಶಿರಸ್ತ್ರಾಣದ ಕೆಳಗೆ ಬೆವರಿದ, ಕೆಂಪಾದ ಮುಖ. ಇಷ್ಟು ಹತ್ತಿರದಿಂದ ಆ ಮುಖವನ್ನು ಅವನು ಮೈದಾನದಲ್ಲಿ ಕಂಡಿರಲಿಲ್ಲ. "ನಂಬರ್ ಒನ್," ಎಂದಳು. ರೀ ಇಲ್ಲ, ಏನಿಲ್ಲ. "ವಕೀಲನ್ನ ಬಿಡಬೇಡ. ನಮ್ಮ ನಂಬರ್ ಒನ್ ಅವರ ನಾಲ್ಕನ್ನ ಕಾಯಬೇಕು, ಅಷ್ಟೇ ನಿನ್ನ ಕೆಲಸ. ಅವನು ಹೋದಲ್ಲಿ ನೀನು. ನಾನು ಬಿಡು ಅಂದ್ರೆ ಚೆಂಡು ಬಿಟ್ಟು ಮುಂದೆ ಹೋಗು, ಹಿಂದಿಂದ ನಾನು ಹೊಡೀತೀನಿ." ಅವನು ತಲೆಯಾಡಿಸಿದ. ನೀನು ಎಂದಳು! ಮದುವೆಯಾದ ಹೊಸದರಲ್ಲೂ ಹಾಗೆ ಕರೆದವಳಲ್ಲ. ಅವಳು ಮಾತು ಮುಗಿಸಿ ತನ್ನ ಜಾಗಕ್ಕೆ, ಸಾಲಿನ ಕಟ್ಟಕಡೆಗೆ ಹೋದಳು. ಆಗ ಅವನಿಗೆ ಹೊಳೆದದ್ದು, ಈ ಎರಡು ವರ್ಷದಲ್ಲಿ ಒಮ್ಮೆಯೂ ಹೊಳೆಯದಿದ್ದದ್ದು: ಒಂದೇ ತಂಡದಲ್ಲಿ ಒಂದು ಮತ್ತು ನಾಲ್ಕು ಇದ್ದರೆ, ಮೈದಾನದಲ್ಲಿ ಅವರಷ್ಟು ದೂರ ಇರುವವರು ಬೇರೆ ಯಾರೂ ಇಲ್ಲ.

ಯೋಚಿಸಲು ಹೊತ್ತಿರಲಿಲ್ಲ. ಅಂಪೈರ್ ಎರಡು ಸಾಲುಗಳ ನಡುವೆ ಚೆಂಡೆಸೆದ, ಮಣ್ಣು, ಬೆವರು, ಚರ್ಮದ ವಾಸನೆ ಎಲ್ಲ ಒಟ್ಟಿಗೆ ಮುಖಕ್ಕೆ ಬಡಿದವು. ಹೊರಗಿನಿಂದ ನೋಡಿದಾಗ ಅವಳ ಕೂಗು ಬಿಟ್ಟರೆ ಈ ಆಟಕ್ಕೆ ಸದ್ದೇ ಇರಲಿಲ್ಲ. ಒಳಗೆ ಎಷ್ಟು ಸದ್ದು! ಕುದುರೆಗಳ ಉಸಿರು, ಜೀನಿನ ಕಿರುಗುಟ್ಟುವಿಕೆ, ಬೈಗುಳ, ನೆಲದೊಳಗಿಂದ ಬೆನ್ನುಮೂಳೆಗೆ ಏರಿ ಬರುವ ಗೊರಸಿನ ದಡದಡ. ಅವನು ವಕೀಲನಿಗೆ ಅಂಟಿಕೊಂಡ. ವಕೀಲ ಬಲಕ್ಕೆ ಹೋದರೆ ಬಲಕ್ಕೆ, ನಿಂತರೆ ನಿಂತ. ಮೊಣಕಾಲಿಗೆ ಮೊಣಕಾಲು ಉಜ್ಜಿ ಉರಿಯುತ್ತಿತ್ತು. "ಏನ್ರೀ ಇದು, ಸಾಲಗಾರನ ಹಿಂದೆ ಬಿದ್ದ ಹಾಗೆ ಬಿದ್ದಿದೀರಲ್ಲ!" ಎಂದು ವಕೀಲ ಓಡುತ್ತಲೇ ಕೂಗಿದ. ಅವನಿಗೆ ಖುಷಿಯಿಂದ ಕೇಕೆ ಹಾಕಬೇಕೆನಿಸಿತು. ಅಷ್ಟರಲ್ಲಿ ಚೆಂಡು ವಕೀಲನ ಮುಂದೆ ಬಂತು, ವಕೀಲನ ಕೋಲು ಮೇಲೆದ್ದಿತು, ಅವನ ದಡ್ಡ ಬಲಗೈ ಯಾರೂ ಹೇಳದೆ ಚಾಚಿಕೊಂಡು ಕೋಲಿಗೆ ಕೋಲು ಸಿಕ್ಕಿಸಿತು. ಟಕ್! ಏಟು ತಪ್ಪಿತು. ಹಿಂದಿನಿಂದ ಬಂದ, ಹೆಂಡತಿಯ ತಂಡದ ನಂಬರ್ ಮೂರು ಆ ಚೆಂಡನ್ನು ಎತ್ತಿ ಗೋಲಿಗೆ ಹೊಡೆದ. ಸಮ! ಹಲಗೆಯ ಹಿಂದಿನಿಂದ ಷಡ್ಡಕ, "ಭಾವಾ! ಸೊನ್ನೆಗೆ ಬಂದ್ರಿ!" ಎಂದು ಅರಚಿದ್ದು ಕೇಳಿಸಿತು. ದೂರದಿಂದ ಹೆಂಡತಿ ಕೋಲೆತ್ತಿ ಅವನ ಕಡೆ ತೋರಿಸಿದಳು, ಅವನ ಕಡೆಗೇ. ತಲೆಯೊಳಗೆ ಏನೋ ಉಕ್ಕಿ, ಅಲ್ಲಿದ್ದ ನಿಯಮಗಳೆಲ್ಲ ಕೊಚ್ಚಿಹೋದವು. ಎಲ್ಲರೂ ಮತ್ತೆ ನಡುವಿಗೆ ಬಂದು ನಿಂತದ್ದು, ಅವನೂ ನಿಂತದ್ದು, ನಗುತ್ತಿದ್ದದ್ದು, ಇವಿಷ್ಟೇ ಗೊತ್ತು.

ಚೆಂಡು ಬಿತ್ತು, ಕಾಲುಗಳ ಕಾಡಿನಿಂದ ತಪ್ಪಿಸಿಕೊಂಡು ನೇರ ಅವನ ಬಲಕ್ಕೆ ಉರುಳಿಬಂತು. ಅವನು ಹೊಡೆದ. ತಾಗಿತು! ಹಿತ್ತಲಿನ ಮರದ ಕುದುರೆಯ ಮೇಲೆ ಒಮ್ಮೆಯೂ ಬಾರದಿದ್ದ ಆ ಸದ್ದು, ತೆಂಗಿನಕಾಯಿ ಒಂದೇ ಏಟಿಗೆ ಹೋಳಾದ ಸದ್ದು, ಬಂತು, ಚೆಂಡು ಹುಲ್ಲು ಸೀಳಿಕೊಂಡು ಓಡಿತು. ಅಜ್ಜಿ ಕಿವಿ ಹಿಂದಕ್ಕೆ ಮಡಚಿ ಹಾರಿತು. ಮುಂದೆ ವಕೀಲನ ಅಳಿಯ ಇದ್ದ, ಇವನನ್ನು ನೋಡಿ ಕುದುರೆಯನ್ನು ಪಕ್ಕಕ್ಕೆಳೆದು ದಾರಿ ಬಿಟ್ಟ. ಹೆದರಿದ ಎಂದುಕೊಂಡ ಅವನು. ಎರಡನೇ ಏಟು. ಅದೂ ತಾಗಿತು. ಹಿಂದೆ ಯಾರೂ ಬೆನ್ನಟ್ಟುತ್ತಿರಲಿಲ್ಲ, ಯಾರ ಕೋಲೂ ಕೊಕ್ಕೆ ಹಾಕಲಿಲ್ಲ. ಇಷ್ಟು ದಿನ ಇದನ್ನು ಕಷ್ಟ ಎಂದವರು ಯಾರು? ಎರಡು ಕಂಬಗಳ ನಡುವಿನ ಆಕಾಶ ದೊಡ್ಡದಾಗುತ್ತ ಬಂತು. ಆಗ ಹಿಂದಿನಿಂದ ಒಂದೇ ಒಂದು ಕುದುರೆಯ ದಡದಡ, ಮತ್ತು ಅವಳ ಧ್ವನಿ. "ಬಿಡು! ಬಿಡು!"

ಬಿಡು. ಅವನಿಗೆ ಅರ್ಥವಾಯಿತು, ಅಥವಾ ಆಯಿತು ಎಂದುಕೊಂಡ. ಕೊನೆಯ ಏಟು ಅವಳಿಗೆ ಬೇಕು. ಬಿಟ್ಟುಕೊಡು, ಪಕ್ಕಕ್ಕೆ ಸರಿ, ಬಕೆಟ್ಟು ಹಿಡಿ, ಕಂಬಳಿ ಹೊದಿಸು. ಅವನು ಬಿಡದೇ ಇದ್ದದ್ದು ಯಾವುದನ್ನು? ಒಂದು ಸಲ ಅವಳು ಬಿದ್ದು ಕತ್ತಿನ ಕೆಳಗಿನ ಎಲುಬು ಮುರಿದುಕೊಂಡಿದ್ದಳು, ವಾರಗಟ್ಟಲೆ ಮನೆಯಲ್ಲೇ ಇದ್ದಳು, ಅವನು ಎಡಗೈಯಿಂದ ತುತ್ತು ಕೊಡುತ್ತಿದ್ದ, ಊಟದ ಕೈಯಲ್ಲ ಅದು ಎಂದು ಅವಳು ನಗುತ್ತಲೇ ಬಾಯಿ ತೆರೆಯುತ್ತಿದ್ದಳು. ಆ ದಿನಗಳಲ್ಲಿ ಅವನು ಎಷ್ಟು ಸುಖಿಯಾಗಿದ್ದನೆಂದರೆ, ಎಲುಬು ಕೂಡಿತು ಎಂದು ವೈದ್ಯ ಹೇಳಿದ ದಿನ ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ನಿಂತಿದ್ದ. ಹೆಂಡತಿಯ ನೋವಿನಲ್ಲಿ ಸುಖ ಕಂಡವನು, ಥೂ, ಎಂದು ಇಂದಿಗೂ ಒಳಗೊಳಗೇ ನಾಚುತ್ತಿದ್ದ. ಈಗ ಅವಳು ಪಕ್ಕಕ್ಕೇ ಬಂದಳು. ಅವಳ ಕುದುರೆಯ ಮೂಗು, ಭುಜ, ಆಮೇಲೆ ಅವಳ ಮೊಣಕಾಲು. "ಬಿಡೋ!" ಎಂದಳು. ಅವನು ಬಿಡಲಿಲ್ಲ. ಎಡಗೈಯ ಬೆರಳು ಅಜ್ಜಿಯನ್ನು ಕೇಳಿತು, ಅಜ್ಜಿ ಒಪ್ಪಿತು, ಭುಜಕ್ಕೆ ಭುಜ ಕೊಟ್ಟು ತನ್ನ ಕ್ಯಾಪ್ಟನ್ನನ್ನೇ, ತಾಳಿ ಕಟ್ಟಿದ ಹೆಂಡತಿಯನ್ನೇ, ಚೆಂಡಿನ ದಾರಿಯಿಂದ ಒತ್ತಿ ಆಚೆ ತಳ್ಳಿದ. ಬಿದ್ದಳೇ ಎಂದು ಒಂದು ಕ್ಷಣ ಜೀವ ಹಾರಿತು. ಬೀಳಲಿಲ್ಲ. ತಿರುಗಿ ನೋಡಿದಳು. ಆ ಕಣ್ಣಲ್ಲಿ ಸಿಟ್ಟು ಇನ್ನೂ ಬಂದಿರಲಿಲ್ಲ, ಬರೀ ಬೆರಗು: ಯಾರಪ್ಪ ಇವನು ಎಂಬಂಥದ್ದು. ಅವನು ಹೊಡೆದ. ಚೆಂಡು ಎರಡು ಕಂಬಗಳ ನಟ್ಟನಡುವೆ ಹಾದುಹೋಯಿತು.

ಅವನು ಕೋಲು ಮೇಲೆತ್ತಿ ಕೂಗಿದ. ಜೀವಮಾನದಲ್ಲಿ ಹಾಗೆ ಕೂಗಿರಲಿಲ್ಲ. ಚಪ್ಪಾಳೆಯೂ ಬಂತು, ಆದರೆ ಬಂದದ್ದು ವಕೀಲನ ಕಡೆಯವರ ಬೆಂಚುಗಳಿಂದ. ಷಡ್ಡಕ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ. ಗೋಲಿನ ಹಿಂದೆ ನಿಂತಿದ್ದ ಹೆಂಗಸು ಗೋಲಾಯಿತೆಂದು ಬಾವುಟ ಬೀಸುತ್ತಲೇ ನಗು ತಡೆಯಲಾರದೆ ಮುಖ ತಿರುಗಿಸಿದಳು. ಕಡೆ ಬದಲಾಗಿತ್ತು. ತಮ್ಮ ನಂಬರ್ ಮೂರು ಗೋಲು ಹೊಡೆದ ಕೂಡಲೇ ಬದಲಾಗಿತ್ತು, ಅದನ್ನು ಹಲಗೆಯ ಹಿಂದಿನ ಮಕ್ಕಳೂ ಬಲ್ಲರು. ಅವನು ಹೊಡೆದದ್ದು ತನ್ನದೇ ಗೋಲಿಗೆ. ಅವಳು ಬೆನ್ನಟ್ಟಿ ಬಂದದ್ದು ಏಟು ಕಸಿಯಲಿಕ್ಕಲ್ಲ, ಗೋಲು ಉಳಿಸಲಿಕ್ಕೆ. ಇದೆಲ್ಲ ಒಂದೊಂದಾಗಿ ತಲೆಗೆ ಇಳಿಯುತ್ತಿದ್ದಂತೆ ಕಿವಿ ಬಿಸಿಯಾಯಿತು, ಎತ್ತಿದ ಕೋಲನ್ನು ಹೇಗೆ ಇಳಿಸಬೇಕೆಂದೇ ತಿಳಿಯಲಿಲ್ಲ. ಉಳಿದಿದ್ದ ಚೂರು ಹೊತ್ತಿನಲ್ಲಿ ಬೇರೇನೂ ಆಗಲಿಲ್ಲ. ಗಂಟೆ ಹೊಡೆಯಿತು, ಒಂದು ಗೋಲಿನಿಂದ ಸೋತರು.

ಅಂಪೈರುಗಳ ಕೈ ಕುಲುಕಿದ್ದಾಯಿತು, ಕುದುರೆಗಳ ಕತ್ತು ತಟ್ಟಿದ್ದಾಯಿತು. ಲಾಯದ ಮುಂದೆ ಅವನು ಅಜ್ಜಿಯ ಕಾಲಿನ ಪಟ್ಟಿ ಬಿಚ್ಚುತ್ತ ಕೂತಿದ್ದ. ವಿಚಿತ್ರವೆಂದರೆ ಅವಮಾನ ಇರಬೇಕಾದಲ್ಲಿ ಪೂರ್ತಿ ಅವಮಾನ ಇರಲಿಲ್ಲ. ಮೈಯೆಲ್ಲ ಇನ್ನೂ ಓಡುತ್ತಲೇ ಇತ್ತು. ಎಡ ಮೊಣಕಾಲು ನೋಯುತ್ತಿತ್ತು, ಅದು ಅವಳಿಗೆ ತಾಗಿದ ಮೊಣಕಾಲು. ಹೆಂಡತಿ ಬಂದು ಎದುರು ನಿಂತಳು, ಶಿರಸ್ತ್ರಾಣ ಕಂಕುಳಲ್ಲಿ, ಕೂದಲು ಹಣೆಗೆ ಅಂಟಿತ್ತು.

"ರೀ, ನಿಮ್ಮನ್ನ ಸೀಸನ್‌ಗೆ ಹಾಕೋಕಾಗಲ್ಲ," ಎಂದಳು. ಒರಟಾಗಿ ಹೇಳಲಿಲ್ಲ, ಅದೇ ಹೆಚ್ಚು ನೋಯಿಸಿತು. "ನಾನು ಕ್ಯಾಪ್ಟನ್. ಬಿಡು ಅಂದಾಗ ಬಿಡದೋರನ್ನ ಇಟ್ಟುಕೊಂಡು ಆಡೋಕಾಗಲ್ಲ."

"ಗೊತ್ತು."

"ಬೇಜಾರು ಮಾಡ್ಕೋಬೇಡಿ."

"ಆಗಿದೆ," ಎಂದ. ಇಂಥ ಹೊತ್ತಲ್ಲಿ ಅವನು ಹೇಳುವ ಮಾತು, ಪರವಾಗಿಲ್ಲ ಬಿಡು ನಿನ್ನಿಷ್ಟ ಎನ್ನುವುದು, ಬಾಯಿಗೆ ಬರಲೇ ಇಲ್ಲ. ಅವಳು ಹುಬ್ಬು ಗಂಟಿಕ್ಕಿ ನೋಡಿದಳು, ಮೈದಾನದಲ್ಲಿ ತಿರುಗಿ ನೋಡಿದ್ದಳಲ್ಲ, ಹಾಗೆಯೇ.

ಆಗಲೇ ವಕೀಲ ಒದ್ದೆ ಟವೆಲು ಹೆಗಲಿಗೆ ಹಾಕಿಕೊಂಡು ಬಂದ. "ಎಲ್ರೀ ನಮ್ಮ ವೀರ! ಇವತ್ತು ನಮ್ಮ ಗೆಲುವಿನ ಗೋಲು ಹೊಡೆದೋರು ನೀವೇ. ಎಂಥಾ ಏಟು ರೀ ಅದು! ನನ್ನ ಅಳಿಯನ ಕೈಲಿ ಮೂರು ವರ್ಷದಿಂದ ಆಗಿಲ್ಲ. ಅವನಂತೂ ಮುಂದಿನ ಸೀಸನ್‌ಗೆ ಬರಲ್ಲ ಅಂತಿದಾನೆ, ನೀವೇ ನಮ್ಮ ಕಡೆ ಬಂದುಬಿಡಿ!" ಎಂದು ಗಹಗಹಿಸಿ ನಕ್ಕ. ಹೆಂಡತಿಯೂ ಸೌಜನ್ಯಕ್ಕೆ ತುಟಿಯರಳಿಸಿದಳು.

ಅವನು ನಗಲಿಲ್ಲ. ಪಟ್ಟಿ ಬಿಚ್ಚುತ್ತಿದ್ದ ಕೈ ನಿಂತಿತ್ತು. ಎದುರು ತಂಡ. ಎದುರು ತಂಡದ ನಂಬರ್ ಒನ್. ಬೆಳಗ್ಗೆ ಹೇಳಿಕೊಂಡಂತೆಯೇ ಅದನ್ನೂ ಮನಸ್ಸಿನಲ್ಲಿ ಎರಡು ಸಲ ಹೇಳಿಕೊಂಡ.

"ಬರ್ತೀನಿ," ಎಂದ.

"ಆಂ?" ಎಂದ ವಕೀಲ.

"ನಂಬರ್ ಒನ್ ಜಾಗ ತಾನೇ? ಬರ್ತೀನಿ."

ವಕೀಲ ಅವನ ಮುಖ ನೋಡಿದ, ಅವಳ ಮುಖ ನೋಡಿದ, ಗಂಡ ಹೆಂಡಿರ ನಡುವೆ ನಿಲ್ಲಬಾರದೆಂಬ ವೃತ್ತಿಯ ಬುದ್ಧಿ ಎಚ್ಚರವಾಗಿ, "ಹಾಗಾದ್ರೆ ಭಾನುವಾರ ಪ್ರಾಕ್ಟೀಸಿಗೆ ಸಿಗೋಣ" ಎಂದು ಗೊಣಗಿ ಜಾಗ ಖಾಲಿ ಮಾಡಿದ. ಹೆಂಡತಿ ಅಲ್ಲೇ ನಿಂತಿದ್ದಳು. ಅಜ್ಜಿ ತಲೆ ಕೊಡವಿತು.

"ಅವರ ನಂಬರ್ ಒನ್ ಆದ್ರೆ ಆಟ ಪೂರ್ತಿ ಯಾರನ್ನ ಕಾಯಬೇಕು, ಗೊತ್ತಾ?" ಎಂದು ಕೇಳಿದಳು.

"ಗೊತ್ತು. ನಿಮ್ಮ ನಾಲ್ಕನ್ನ."

"ಒಂದು ಕ್ಷಣ ಬಿಡೋ ಹಾಗಿಲ್ಲ."

"ಬಿಡಲ್ಲ."

ಅವಳು ಶಿರಸ್ತ್ರಾಣವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. ಮುಖಕ್ಕೆ ನಿಧಾನವಾಗಿ ಬಣ್ಣ ಏರಿತು, ಬಿಸಿಲಿನದಲ್ಲ. ಆಮೇಲೆ ಅವನು ಇಷ್ಟು ವರ್ಷ ಹಲಗೆಯ ಈಚೆಯಿಂದಲೇ ನೋಡಿದ್ದ ಆ ನಗು, ಲಾಯದ ಮುಂದೆ, ಅವನೊಬ್ಬನ ಎದುರಿಗೆ, ಇಡೀ ಮುಖ ತುಂಬಿ ಬಂತು.

"ಭಾನುವಾರ ಮೊಣಕಾಲಿಗೆ ದಪ್ಪನೆ ಪ್ಯಾಡ್ ಕಟ್ಕೊಂಡು ಬಾ," ಎಂದಳು.